ಬಿಳಿಯ ಮೇಲೆ ಕೆಂಪು, ಕೆಂಪಿನ ಮೇಲೆ ಬಿಳಿ

ಧಾರವಾಡದ ಪ್ರೌಢಶಾಲೆಯೊಂದರಲ್ಲಿ ನಾನು 26 ವರ್ಷಗಳಿಂದ ಚಿತ್ರಕಲೆ ಕಲಿಸುತ್ತಿದ್ದೇನೆ. ಪ್ರತಿ ಜೂನ್‌ನ ಮೊದಲ ಪಾಠದಲ್ಲಿ ಮಕ್ಕಳ ಕೈಗೆ ಬಣ್ಣ ಕೊಡುವುದಿಲ್ಲ. ಒಂದೇ ಮಾವಿನ ಮರದ ಎರಡೆರಡು ಎಲೆ ಕೊಟ್ಟು, ಇವೆರಡರಲ್ಲಿ ಬೇರೆ ಏನಿದೆ ಹೇಳಿ ಎನ್ನುತ್ತೇನೆ. ಒಂದೇ ಎಲೆ ಕೊಟ್ಟರೆ ಮಕ್ಕಳು ‘ಹಸಿರು’ ಎಂದು ಹೇಳಿ ಸುಮ್ಮನಾಗುತ್ತಾರೆ. ಎರಡು ಕೊಟ್ಟಾಗ ತೊಟ್ಟಿನ ಗಂಟು, ನರದ ಬಾಗು, ಹುಳು ಕಡಿದ ಅಂಚು ಎಲ್ಲವೂ ಕಣ್ಣಿಗೆ ಬೀಳತೊಡಗುತ್ತವೆ. ಈ ಫೆಬ್ರುವರಿಯಲ್ಲಿ ಐದು ದಿನ ರಜೆ ಹಾಕಿ ಉತ್ತರ ಕನ್ನಡಕ್ಕೆ ಹೊರಟಾಗ ಅದೇ ಪಾಠವನ್ನು ನನಗೂ ಹಾಕಿಕೊಂಡೆ. ಹೊಸ ಪುಸ್ತಕವೊಂದರ ಪ್ರತಿ ಪುಟದ ನಡುವೆ ಉದ್ದಕ್ಕೆ ಗೆರೆ ಎಳೆದು ಇಟ್ಟುಕೊಂಡೆ. ಎಡಕ್ಕೊಂದು, ಬಲಕ್ಕೊಂದು.

ಜೊತೆಗೆ ಬಂದವರು ನನ್ನ ವೈನಿ. ಅಣ್ಣನ ಹೆಂಡತಿಗೆ ಧಾರವಾಡದಲ್ಲಿ ನಾವು ವೈನಿ ಎನ್ನುತ್ತೇವೆ. ಅವರ ತವರಿನಲ್ಲಿ ಅದೇ ನಂಟಿಗೆ ಅತ್ತಿಗೆ ಎನ್ನುತ್ತಾರೆ. ತವರು ಶಿರಸಿಗೂ ಸಿದ್ದಾಪುರಕ್ಕೂ ನಡುವಿನ ಒಂದು ಹಳ್ಳಿ. ಮದುವೆಯಾಗಿ ಮೂವತ್ತು ವರ್ಷ ಕಳೆದರೂ ಅವರ ಮಾತಿನಲ್ಲಿ ಭೂಮಿ ಮೂರೇ ಭಾಗ: ಬಯಲುಸೀಮೆ, ಘಟ್ಟದ ಮೇಲೆ, ಘಟ್ಟದ ಕೆಳಗೆ.

ಮೊದಲ ದಿನ: ಬನವಾಸಿ

ಹುಬ್ಬಳ್ಳಿಯಿಂದ ಬೆಳಗಿನ ಶಿರಸಿ ಬಸ್ ಹಿಡಿದೆವು. ತಡಸ ಬರುವವರೆಗೂ ನನಗೆ ಗೊತ್ತಿರುವ ನೆಲವೇ. ಆಮೇಲೆ ಮಣ್ಣು ಕೆಂಪಾಗುತ್ತಾ ಹೋಯಿತು, ತೇಗದ ಮರಗಳು ಎಲೆ ಉದುರಿಸಿ ನಿಂತಿದ್ದವು. ಮುಂಡಗೋಡ ದಾಟುವಾಗ ಪುಸ್ತಕದ ಮೊದಲ ಪುಟ ತುಂಬಿತು. ಎಡಕ್ಕೆ ನವಲಗುಂದದ ಕಡೆಯ ಮಾಳಿಗೆ ಮನೆ, ಬಲಕ್ಕೆ ಇಲ್ಲಿಯ ಹೆಂಚಿನ ಮನೆ. ನಮ್ಮ ಕಡೆ ಮಾಳಿಗೆಯ ಮೇಲೆ ಮೆಣಸಿನಕಾಯಿ ಒಣಗುತ್ತದೆ, ಬೇಸಿಗೆಯ ರಾತ್ರಿ ಹಾಸಿಗೆ ಏರುತ್ತದೆ, ಓಣಿಯ ಹೆಂಗಸರ ಮಾತು ಮಾಳಿಗೆಯಿಂದ ಮಾಳಿಗೆಗೆ ಸಾಗುತ್ತದೆ. ಇಲ್ಲಿ ಚಾವಣಿಯ ಮೇಲೆ ಮನುಷ್ಯನಿಗೆ ಜಾಗವಿಲ್ಲ, ಅದು ಮಳೆಯ ಪಾಲು. ಆ ಕೆಲಸವೆಲ್ಲ ಅಂಗಳಕ್ಕೆ ಇಳಿದಿದೆ. ಆದ್ದರಿಂದಲೇ ಇಲ್ಲಿಯ ಅಂಗಳ ಅಷ್ಟು ದೊಡ್ಡದು, ಅಷ್ಟು ಚೊಕ್ಕಟ.

ಶಿರಸಿಯಿಂದ ಬನವಾಸಿಗೆ 24 ಕಿಲೋಮೀಟರ್. ಮಧುಕೇಶ್ವರ ದೇವಾಲಯದಲ್ಲಿ ಬಂದವರನ್ನೆಲ್ಲ ಮೊದಲು ನಂದಿಯ ಬಳಿ ಕರೆದೊಯ್ಯುತ್ತಾರೆ. ಆ ನಂದಿಯ ಒಂದು ಕಣ್ಣು ಶಿವನನ್ನೂ ಇನ್ನೊಂದು ಪಾರ್ವತಿಯನ್ನೂ ನೋಡುತ್ತಿದೆ ಎಂದು ಊರಿನವರು ಹೇಳುತ್ತಾರೆ. ನಾನು ಎರಡೂ ಪಕ್ಕಕ್ಕೆ ಹೋಗಿ ನಿಂತು ನೋಡಿದೆ. ಮುಖದ ಓರೆ ನಿಜವಾಗಿಯೂ ಹಾಗೆ ತೋರುತ್ತದೆ. ಮಂಟಪದ ನುಣುಪು ಕಂಬಗಳಲ್ಲಿ ವೈನಿಯ ಸೀರೆಯ ಕೆಂಪು ಬಾಗಿ, ಬಳುಕಿ, ತುಂಡಾಗಿ ಕಂಡಿತು. ಕಲ್ಲನ್ನು ತಿರುಗಿಸಿ ತಿರುಗಿಸಿ ಉಜ್ಜಿದವರ ಕೈ ಎಷ್ಟು ಬಳಲಿತ್ತೋ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಐದು ಹೆಡೆಯ ನಾಗಶಿಲೆ. ಸುಮಾರು ಎರಡನೆಯ ಶತಮಾನದ್ದು, ಪಕ್ಕದಲ್ಲಿ ಪ್ರಾಕೃತ ಶಾಸನವಿದೆ. ಕದಂಬರು ಬನವಾಸಿಯನ್ನು ರಾಜಧಾನಿ ಮಾಡಿಕೊಳ್ಳುವುದಕ್ಕೂ ಹಿಂದಿನ ಮಾತು. ಆ ಶಾಸನದಲ್ಲಿ ನಾಗನನ್ನು ಕಡೆದ ಶಿಲ್ಪಿಯ ಹೆಸರಿದೆ: ನಟಕ. ಅವನ ಗುರುವಿನ ಹೆಸರೂ ಇದೆ. ಹದಿನೆಂಟು ನೂರು ವರ್ಷಗಳ ಹಿಂದೆ ಉಳಿ ಹಿಡಿದವನೊಬ್ಬನ ಹೆಸರನ್ನು ನಾನು ಇಂದು ಬಾಯಿ ಬಿಟ್ಟು ಹೇಳಬಹುದು. ಮುಂದಿನ ನಾಲ್ಕು ದಿನ ನಾನು ನೋಡಲಿದ್ದ ಗೋಡೆಗಳ ಕೈಗಳಿಗೆ ಆ ಭಾಗ್ಯವಿರಲಿಲ್ಲ.

ಎರಡನೆಯ ದಿನ: ಅಡಿಕೆ ಅಂಗಳ, ಚಿತ್ತಾರದ ಗೋಡೆ

ವೈನಿಯ ತವರುಮನೆಯಲ್ಲಿ ಹೊಸಿಲು ದಾಟಿದ ಕೂಡಲೇ ಕೇಳುವ ಮಾತು ‘ಆಸರಿಗೆ ಏನು ಬೇಕು?’ ಎಂಬುದು. ನಮ್ಮಲ್ಲಿ ‘ಚಹಾ ತೆಗೆದುಕೊಳ್ಳಿ’ ಎಂದು ಲೋಟವನ್ನೇ ಕೈಗಿಡುತ್ತೇವೆ. ಇಲ್ಲಿ ಬಾಯಾರಿಕೆಯ ಹೆಸರು ಹಿಡಿದು ಕೇಳುತ್ತಾರೆ, ಉತ್ತರ ಬಂದ ಮೇಲೆ ಒಳಗೆ ಹೋಗುತ್ತಾರೆ. ನಾನು ಮುರುಗಲು ಪಾನಕ ಕೇಳಿದೆ. ವೈನಿಯ ತಾಯಿಗೆ ಮನೆಮಂದಿಯೆಲ್ಲ ಆಯಿ ಎನ್ನುತ್ತಾರೆ. ಅವರು ಲೋಟದ ಜೊತೆ ಹಿಂದಿನ ದಿನ ಆಲೆಮನೆಯಿಂದ ಬಂದ ಕಬ್ಬಿನ ಹಾಲಿನಲ್ಲಿ ಮಾಡಿದ ತೊಡೆದೇವು ತಂದಿಟ್ಟರು. ಒಲೆಯ ಮೇಲೆ ಮಡಕೆಯನ್ನು ಬೋರಲು ಹಾಕಿ, ಅದರ ಬೆನ್ನಿನ ಮೇಲೆ ಅಕ್ಕಿಹಿಟ್ಟಿನ ತೆಳು ಸಂಪಣವನ್ನು ಬಟ್ಟೆ ಸುತ್ತಿದ ಕೋಲಿನಿಂದ ಒಂದೇ ಬೀಸಿಗೆ ತೊಡೆದು ಎಬ್ಬಿಸುವ ತಿಂಡಿ. ಬಾಯಿಗಿಟ್ಟರೆ ಕಾಗದದಂತೆ ಮುರಿಯುತ್ತದೆ, ಮರುಕ್ಷಣ ಇಲ್ಲವಾಗುತ್ತದೆ.

ಅಡಿಕೆ ಕೊಯ್ಲು ಮುಗಿಯುವ ಹಂತದಲ್ಲಿತ್ತು. ವೈನಿಯ ತಮ್ಮ ನನ್ನನ್ನು ಅಂಗಳಕ್ಕೆ ಕರೆದೊಯ್ದು ಎರಡು ಹಿಡಿ ಅಡಿಕೆ ಕೈಗೆ ಹಾಕಿದರು. ಒಂದು ಹಿಡಿ ಕಡುಗೆಂಪು, ಇನ್ನೊಂದು ಬೂದು ಮಿಶ್ರಿತ ಬಿಳುಪು.

“ಯಾವ ಯಾವ ತಳಿ?” ಎಂದು ಕೇಳಿದೆ.

“ತಳಿ ಒಂದೇ ಅಕ್ಕ, ತೋಟವೂ ಒಂದೇ. ಕೊನೆ ಯಾವಾಗ ಇಳಿಸಿದೆವು ಎಂಬುದಷ್ಟೇ ಬೇರೆ” ಎಂದರು.

ಇದನ್ನು ಬರೆದುಕೊಳ್ಳಲು ಎರಡು ಪುಟ ಬೇಕಾಯಿತು. ಅಡಿಕೆಯ ಗೊನೆಗೆ ಇಲ್ಲಿ ಕೊನೆ ಎನ್ನುತ್ತಾರೆ, ಅದನ್ನು ಕೊಯ್ಯುವವನು ಕೊನೆಗೌಡ. ಅಡಿಕೆ ಇನ್ನೂ ಹಸಿರಾಗಿರುವಾಗ ಕೊನೆಗೌಡ ಮರ ಹತ್ತಿ ಕೊನೆ ಇಳಿಸಿದರೆ ಅದು ಕೆಂಪಡಿಕೆಯ ದಾರಿ ಹಿಡಿಯುತ್ತದೆ. ಹಸಿ ಅಡಿಕೆಯನ್ನು ಮೆಟ್ಟುಗತ್ತಿಯಲ್ಲಿ ಸುಲಿಯಬೇಕು, ಹಂಡೆಯಲ್ಲಿ ಬೇಯಿಸಬೇಕು, ಬೇಯಿಸಿದ ಕೆಂಪು ರಸವಾದ ಚೊಗರು ಹಿಡಿಸಬೇಕು, ಒಣಗಿಸಬೇಕು. ಎಲ್ಲವೂ ಅವಸರದ ಕೆಲಸ. ಸುಲಿಯುವುದು ಒಂದು ದಿನ ತಡವಾದರೂ ಅಡಿಕೆ ಕೆಡುತ್ತದೆ, ಹಾಗಾಗಿ ರಾತ್ರಿ ದೀಪ ಹಚ್ಚಿಕೊಂಡು ಸಾಲಾಗಿ ಕೂರುತ್ತಾರೆ. ಅದೇ ಕೊನೆಯನ್ನು ಮರದಲ್ಲೇ ಹಣ್ಣಾಗಲು ಬಿಟ್ಟರೆ ಚಾಲಿ. ಗೋಟು ಎನ್ನುವ ಆ ಹಣ್ಣಡಿಕೆಯನ್ನು ಸಿಪ್ಪೆಸಹಿತ ಅಂಗಳಕ್ಕೆ ಹರವಿ ಒಂದೂವರೆ ತಿಂಗಳು ಬಿಸಿಲಿಗೆ ಬಿಟ್ಟು ಆಮೇಲೆ ಸುಲಿದರಾಯಿತು. ಕೆಂಪಿಗೆ ಕೈ ಬೇಕು, ಬಿಳಿಗೆ ಬಿಸಿಲು ಬೇಕು. ಮನೆಯಲ್ಲಿ ಜನ ಕಡಿಮೆಯಾದಂತೆ ಅಂಗಳದಲ್ಲಿ ಚಾಲಿ ಹೆಚ್ಚಿತು ಎಂದು ಆಯಿ ಸೇರಿಸಿದರು. ಶಿರಸಿಯ ಪೇಟೆಯಲ್ಲಿ ರಾಶಿ, ಬೆಟ್ಟೆ, ಚಾಲಿ, ಕೆಂಪುಗೋಟು, ಬಿಳೇಗೋಟು ಎಂದು ಹೆಸರು ಹಿಡಿದು ದರ ಕೂಗುವುದನ್ನು ನಾನು ಅದುವರೆಗೆ ಜಾತಿಗಳ ಹೆಸರೆಂದೇ ತಿಳಿದಿದ್ದೆ. ಅವು ಸಮಯದ ಹೆಸರುಗಳು, ಕೈಕೆಲಸದ ಹೆಸರುಗಳು.

ಮಧ್ಯಾಹ್ನದ ಮೇಲೆ ದೀವರ ಸಮುದಾಯದ ಕೇರಿಗೆ ಹೋದೆವು. ವೈನಿಗೆ ಬಾಲ್ಯದಿಂದ ಪರಿಚಯವಿದ್ದ ಮನೆಯೊಂದರಲ್ಲಿ ಮದುವೆ ಹತ್ತಿರವಾಗಿತ್ತು, ಹಸೆಗೋಡೆಯ ಚಿತ್ತಾರ ನಡೆದಿತ್ತು. ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಗೆ ದೀವರ ಹೆಂಗಸರು ಬರೆಯುವ ಚಿತ್ರವಿದು. ನಾನು ಚಿತ್ತಾರವನ್ನು ಧಾರವಾಡದ ಪ್ರದರ್ಶನಗಳಲ್ಲಿ, ಚೌಕಟ್ಟಿನೊಳಗೆ ನೋಡಿದ್ದೆ. ಗೋಡೆಯ ಮೇಲೆ, ಬರೆಯುತ್ತಿರುವ ಕೈಯ ಪಕ್ಕದಲ್ಲಿ ಕುಳಿತು ನೋಡಿದ್ದು ಇದೇ ಮೊದಲು.

ಗೋಡೆಗೆ ಕೆಮ್ಮಣ್ಣು ಬಳಿದು ಒಣಗಿಸಿದ್ದರು. ಹಿಂದಿನ ದಿನವೇ ನೆನೆಹಾಕಿದ ಅಕ್ಕಿಯನ್ನು ಅರೆದು, ಬಟ್ಟೆಯಲ್ಲಿ ಸೋಸಿದ ಹಾಲು ಒಂದು ತೆಂಗಿನ ಚಿಪ್ಪಿನಲ್ಲಿತ್ತು. ಇನ್ನೊಂದು ಚಿಪ್ಪಿನಲ್ಲಿ ಹುರಿದು ಕಪ್ಪಾಗಿಸಿದ ಅಕ್ಕಿಯ ಕರಿ, ಮತ್ತೊಂದರಲ್ಲಿ ಗುರಿಗೆ ಕಾಯಿಯ ಹಳದಿ. ಕುಂಚವೆಂದರೆ ಪುಂಡಿನಾರಿನ ತುಂಡು. ತುದಿಯನ್ನು ಜಜ್ಜಿ ಎಳೆ ಬಿಡಿಸಿದ್ದರು. ಬರೆಯುತ್ತಿದ್ದಾಕೆ ನನಗಿಂತ ಎರಡು ಮೂರು ವರ್ಷ ದೊಡ್ಡವರಿರಬಹುದು. ನಾನು ಅವರನ್ನು ಅಕ್ಕ ಎಂದೆ, ಅವರೂ ನನ್ನನ್ನು ಅಕ್ಕ ಎಂದೇ ಕರೆದರು. ನಾರನ್ನು ಅಕ್ಕಿಹಾಲಿನಲ್ಲಿ ಅದ್ದಿ, ಉಸಿರು ಹಿಡಿದು, ಮೊಣಕೈಯಿಂದ ಒಂದೇ ಓಟಕ್ಕೆ ಮೊಳ ಉದ್ದದ ಎಳೆ ಎಳೆದರು. ನನಗೆ ಏನೂ ಕಾಣಲಿಲ್ಲ. ಕೆಂಪು ಗೋಡೆಯ ಮೇಲೆ ಒದ್ದೆಯ ಒಂದು ಗುರುತು, ಅಷ್ಟೇ. ಅದರ ಪಕ್ಕ ಬೆರಳಷ್ಟು ಅಂತರದಲ್ಲಿ ಇನ್ನೊಂದು, ಮತ್ತೊಂದು. ನಾಲ್ಕನೆಯ ಎಳೆಗೆ ಬರುವ ಹೊತ್ತಿಗೆ ಮೊದಲನೆಯದು ಒಣಗಿ ಮೆಲ್ಲನೆ ಬೆಳ್ಳಗಾಗತೊಡಗಿತು. ಹಾಲು ಹೆಪ್ಪುಗಟ್ಟುವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ. ತಾನು ಎಳೆದ ಗೆರೆಯನ್ನು ತಾನೇ ಕಾಣದೆ, ಅದು ಬಂದೇ ಬರುತ್ತದೆಂಬ ನೆಚ್ಚಿಕೆಯಲ್ಲಿ ಮುಂದಿನದನ್ನು ಎಳೆಯಬೇಕು. ನನ್ನ ಇಷ್ಟು ವರ್ಷದ ಕಲಿಕೆಯಲ್ಲಿ ಈ ಧೈರ್ಯವನ್ನು ಯಾರಿಗೂ ಕಲಿಸಿರಲಿಲ್ಲ, ನನಗೂ ಯಾರೂ ಕಲಿಸಿರಲಿಲ್ಲ.

ಒಂದೆಡೆ ನಾರು ಜಾರಿ ಗೆರೆ ಡೊಂಕಾಯಿತು. ಅಕ್ಕ ಕೆಮ್ಮಣ್ಣಿನ ನೀರಿಗೆ ಬೆರಳು ಅದ್ದಿ ಒರೆಸಿದರು, ಎದ್ದು ಹೋಗಿ ಎಲೆ ಅಡಿಕೆ ಹಾಕಿಕೊಂಡು ಬಂದರು, ಅಷ್ಟರಲ್ಲಿ ಜಾಗ ಒಣಗಿತ್ತು, ಮತ್ತೆ ಬರೆದರು. ಅವರು ಕಾಗದದ ಮೇಲೂ ಬರೆದು ಮಾರುತ್ತಾರೆ. ಆದರೆ ಅಂಗಡಿಯ ಕೆಂಪು ಬಣ್ಣ ಅಕ್ಕಿಹಾಲನ್ನು ಕುಡಿಯುವುದಿಲ್ಲ, ಮಣ್ಣಿನ ಗೋಡೆ ಕುಡಿಯುತ್ತದೆ ಎಂದರು.

ಮಾತಿನ ನಡುವೆ ನಾನು ಕಾವಿ ಕಲೆಯ ವಿಷಯ ತೆಗೆದೆ. ನಾಳೆ ಶಿರಸಿಯ ಮಾರಿಕಾಂಬೆಯ ಗುಡಿಯಲ್ಲಿ ಅದನ್ನು ನೋಡಲಿದ್ದೇನೆ, ಅಲ್ಲಿಯೂ ಕೆಂಪು ಬಿಳಿ ಎರಡೇ ಬಣ್ಣ, ಆದರೆ ಬಿಳಿಯನ್ನು ಬಳಿಯುವುದಿಲ್ಲ, ಮೇಲಿನ ಕೆಂಪನ್ನು ಕೆರೆದು ಒಳಗಿನ ಬಿಳಿಯನ್ನು ತೆಗೆಯುತ್ತಾರೆ ಎಂದೆ. ಅಕ್ಕ ನಾರನ್ನು ಚಿಪ್ಪಿನ ಮೇಲಿಟ್ಟು ನನ್ನ ಕಡೆ ತಿರುಗಿದರು.

“ತಪ್ಪಿದರೆ ಏನು ಮಾಡುತ್ತಾರೆ?”

ನನ್ನಲ್ಲಿ ಉತ್ತರವಿರಲಿಲ್ಲ.

ಮೂರನೆಯ ದಿನ: ಶಿರಸಿಯಿಂದ ಕುಮಟೆಗೆ

ಮಾರಿಕಾಂಬಾ ದೇವಾಲಯದ ನೀಲಿ ಮುಂಭಾಗ ದೂರದಿಂದಲೇ ಕಾಣುತ್ತದೆ. ಒಳಗೆ ಏಳಡಿ ಎತ್ತರದ, ಎಂಟು ಕೈಗಳ ದೇವಿ ಹುಲಿಯನ್ನೇರಿ ನಿಂತಿದ್ದಾಳೆ. ಮೂರ್ತಿ ಮರದ್ದು. ಮೊನ್ನೆ ಬನವಾಸಿಯಲ್ಲಿ ಕಲ್ಲನ್ನು ನೋಡಿ ಬಂದ ಕಣ್ಣಿಗೆ ಮರದ ದೇವತೆಯ ಹತ್ತಿರ ನಿಂತಾಗ ಬೇರೆಯದೇ ಆಪ್ತತೆ ಹುಟ್ಟುತ್ತದೆ. ಎರಡು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಈ ತಾಯಿ ಗುಡಿಯಿಂದ ಹೊರಟು ರಥವೇರಿ ಊರ ನಡುವಿನ ಗದ್ದುಗೆಗೆ ಬರುತ್ತಾಳೆ. ಮಧುಕೇಶ್ವರನನ್ನು ನೋಡಲು ನಾವೇ ಹೋಗಬೇಕು.

ಕಾವಿ ಚಿತ್ರಗಳಿರುವುದು ಪ್ರಾಂಗಣದ ಗೋಡೆಗಳ ಮೇಲೆ. ಇದನ್ನು ಮಾಡುವ ಬಗೆ ಹೀಗೆ: ಕಡಲ ಚಿಪ್ಪನ್ನು ಸುಟ್ಟು ತೆಗೆದ ಸುಣ್ಣಕ್ಕೆ ತೊಳೆದ ಹೊಳೆಮರಳು, ಬೆಲ್ಲ ಸೇರಿಸಿ ಎರಡು ವಾರದಷ್ಟು ಹುಳಿಯಲು ಬಿಡುತ್ತಾರೆ. ಚೆನ್ನಾಗಿ ಕುಟ್ಟಿ ಹದ ಮಾಡಿ ಗೋಡೆಗೆ ಮೆತ್ತುತ್ತಾರೆ. ಅದು ಒಣಗುವ ಮೊದಲೇ ಮೇಲೆ ಕಾವಿಯ ಕೆಂಪು ಬಳಿದು ನುಣ್ಣಗೆ ತಿಕ್ಕುತ್ತಾರೆ. ಆಮೇಲೆ ಉಕ್ಕಿನ ಮೊನೆಯಿಂದ ಕೆಂಪನ್ನು ಕೆರೆಯುತ್ತಾ ಹೋದರೆ ಒಳಗಿನ ಬಿಳಿ ಹೊರಬರುತ್ತದೆ. ಗಾರೆ ಗಟ್ಟಿಯಾದರೆ ಮೊನೆ ಇಳಿಯದು, ಹಾಗಾಗಿ ಗಡಿಯಾರ ನೋಡಿಕೊಂಡು ಮಾಡುವ ಕೆಲಸ. ಗೋವೆಯಿಂದ ಈ ಕರಾವಳಿಯುದ್ದಕ್ಕೂ ಇದ್ದ ಈ ಕಲೆಯನ್ನು ಹೊನ್ನಾವರದವರಾದ ಡಾ. ಕೃಷ್ಣಾನಂದ ಕಾಮತರು ಊರೂರು ತಿರುಗಿ ಚಿತ್ರ ತೆಗೆದು ದಾಖಲಿಸಿದರು. ಅವರ ಆ ಋಣ ದೊಡ್ಡದು. ಎಷ್ಟೋ ಗೋಡೆಗಳು ಈಗ ಬಿದ್ದಿವೆ, ಇಲ್ಲವೇ ಹೊಸ ಬಣ್ಣದಡಿ ಮುಚ್ಚಿವೆ.

ಪುಟದ ಎಡಕ್ಕೆ ಚಿತ್ತಾರ, ಬಲಕ್ಕೆ ಕಾವಿ. ಅಲ್ಲಿ ಅಕ್ಕಿ, ಇಲ್ಲಿ ಚಿಪ್ಪು. ಗದ್ದೆ ಇರುವಲ್ಲಿ ಬಿಳಿ ಗದ್ದೆಯಿಂದ ಬಂದಿದೆ, ಕಡಲು ಇರುವಲ್ಲಿ ಕಡಲಿನಿಂದ. ಕೆಂಪು ಮಾತ್ರ ಎರಡಕ್ಕೂ ಕಾಲಡಿಯ ಮಣ್ಣೇ. ಅಲ್ಲಿ ಮನೆಯ ಹೆಂಗಸರ ಕೈ, ಇಲ್ಲಿ ಕೂಲಿಗೆ ಬಂದ ಗಂಡಸರ ಕೈ. ಚಿತ್ತಾರದ ಗೆರೆ ಒಣಗಿದ ಮೇಲೆ ಕಾಣುತ್ತದೆ, ಕಾವಿಯ ಗೆರೆ ಮೊನೆ ತಾಗಿದ ಕ್ಷಣದಲ್ಲೇ ಹೊಳೆಯುತ್ತದೆ. ಚಿತ್ತಾರ ಮದುವೆ ಮುಗಿದು ಮಳೆಗಾಲ ಕಳೆದರೆ ಮಾಸುತ್ತದೆ, ಮತ್ತೆ ಬರೆಯುತ್ತಾರೆ. ಕಾವಿ ಗೋಡೆ ಇರುವಷ್ಟು ಕಾಲ ಇರಲೆಂದು ಮಾಡಿದ್ದು. ಹೀಗೆ ಬರೆಯುತ್ತಾ ಹೋದಂತೆ, ಯಾವುದು ಹೆಚ್ಚು ಯಾವುದು ಕಡಿಮೆ ಎಂದು ಕೇಳುವ ನನ್ನೊಳಗಿನ ಹಳೆಯ ಪರೀಕ್ಷಕಿ ಸುಮ್ಮನಾದಳು. ಅಕ್ಕಿ ಇದ್ದವರು ಚಿಪ್ಪಿನ ಕೆಲಸ ಮಾಡಲಿಲ್ಲ, ಚಿಪ್ಪು ಇದ್ದವರು ಅಕ್ಕಿಯ ಕೆಲಸ ಮಾಡಲಿಲ್ಲ. ಅದಕ್ಕೆ ಅಂಕ ಕೊಡುವುದು ಹೇಗೆ?

ಅಕ್ಕ ಕೇಳಿದ ತಪ್ಪನ್ನು ಒಂದು ಗಂಟೆ ಹುಡುಕಿದೆ. ಸಿಗಲಿಲ್ಲ. ಚಕ್ರಾಕಾರದ ಹೂವೊಂದರ ನಡುವೆ ಕೈವಾರದ ಮುಳ್ಳು ಚುಚ್ಚಿದ ಸೂಜಿಮೊನೆಯಷ್ಟು ಗುಳಿ ಮಾತ್ರ ಸಿಕ್ಕಿತು. ಅದನ್ನು ನೋಡಿ ಸಂತೋಷವಾಯಿತು. ಅಷ್ಟು ಕರಾರುವಾಕ್ಕಾದ ಹೂವಿನ ಹಿಂದೆ ನಿಂತ ಮನುಷ್ಯನ ಗುರುತು ಅದೊಂದೇ.

ಮಧ್ಯಾಹ್ನ ದೇವಿಮನೆ ಘಟ್ಟ ಇಳಿದೆವು. ತಿರುವು ತಿರುವಿಗೂ ಗಾಳಿ ಭಾರವಾಗುತ್ತಾ, ಕೆಳಗೆ ಬರುವಷ್ಟರಲ್ಲಿ ಸೀರೆ ಮೈಗೆ ಅಂಟಿತು. ಕುಮಟೆಯಲ್ಲಿ ಊಟಕ್ಕೆ ಕುಚ್ಚಲಕ್ಕಿಯ ಅನ್ನ ಬಂತು. ಮೂರು ಗಂಟೆಯ ಹಿಂದೆ ಮೇಲೆ ಬೆಳ್ತಿಗೆ ಅನ್ನ ಉಂಡಿದ್ದೆವು.

ರಾತ್ರಿ ಹೊನ್ನಾವರದ ದಾರಿಯಲ್ಲಿ ಒಂದು ಯಕ್ಷಗಾನ ಬಯಲಾಟ. ನಾನು ದೊಡ್ಡಾಟದ ಸೀಮೆಯವಳು. ಯಕ್ಷಗಾನದ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಆಟವನ್ನು ಪುತ್ತೂರಿನಲ್ಲಿ ಎರಡು ಸಲ ನೋಡಿದ್ದೆ. ಬಡಗಣ ಶೈಲಿಯ ಆಟ, ಅದರಲ್ಲೂ ಈ ಜಿಲ್ಲೆಯದು, ಎದುರು ಕುಳಿತು ನೋಡಿದ್ದು ಇದೇ ಮೊದಲು. 1934ರಲ್ಲಿ ಕೆರೆಮನೆ ಶಿವರಾಮ ಹೆಗಡೆಯವರು ಇಡಗುಂಜಿ ಮೇಳ ಕಟ್ಟಿದ ನೆಲವಿದು. ಚಿಟ್ಟಾಣಿ ರಾಮಚಂದ್ರ ಹೆಗಡೆಯವರ ಭಸ್ಮಾಸುರನನ್ನು ನೋಡಿದವರು ಇಂದಿಗೂ ಆ ಮಾತು ತೆಗೆದರೆ ಕುಳಿತಲ್ಲೇ ಕೈ ಎತ್ತುತ್ತಾರೆ, ನನ್ನ ಪಕ್ಕದಲ್ಲಿದ್ದ ಅಜ್ಜ ಎತ್ತಿದ ಹಾಗೆ. ತೆಂಕಿನಲ್ಲಿ ವೇಷಧಾರಿ ದಿಗಿಣ ಹಾಕಿ ಗಾಳಿಯಲ್ಲಿ ಗಿರಗಿರನೆ ತಿರುಗುತ್ತಾನೆ. ಇಲ್ಲಿ ಮಂಡಿಯೂರಿ ನೆಲಕ್ಕಂಟಿ ತಿರುಗುತ್ತಾನೆ. ಅಲ್ಲಿ ಎದೆ ಝಲ್ಲೆನ್ನುತ್ತದೆ. ಇಲ್ಲಿ ಭಾಗವತರು ಒಂದೇ ಪದವನ್ನು ಮತ್ತೆ ಮತ್ತೆ ಎತ್ತಿ ಹಾಡುವಾಗ, ಪಾತ್ರಧಾರಿ ಪ್ರತಿ ಸಲಕ್ಕೂ ಬೇರೆಯ ಮುಖ ಮಾಡುತ್ತಾನೆ. ಒಂದು ಸಾಲಿಗೆ ಏಳು ಮುಖ ಎಣಿಸಿದೆ, ಆಮೇಲೆ ಎಣಿಸುವುದನ್ನು ಬಿಟ್ಟೆ.

ಆಟಕ್ಕೆ ಮೊದಲು ಅನುಮತಿ ಕೇಳಿ ಚೌಕಿಯಲ್ಲಿ, ಅಂದರೆ ಬಣ್ಣದ ಮನೆಯಲ್ಲಿ ಕುಳಿತಿದ್ದೆ. ಬಕಾಸುರನ ವೇಷಕ್ಕೆ ಒಬ್ಬರು ಮುಖದ ಮೇಲೆ ಚಿಟ್ಟಿ ಇಡುತ್ತಿದ್ದರು. ಕೆಂಪು ಕಪ್ಪು ಬಳಿದ ಕೆನ್ನೆಯ ಮೇಲೆ ಕಡ್ಡಿಯ ತುದಿಯಿಂದ ಬಿಳಿ ಚುಕ್ಕೆಗಳ ಸಾಲು, ಮುಳ್ಳಿನಂತೆ ಎದ್ದು ನಿಲ್ಲುವಷ್ಟು ದಪ್ಪ. ಕನ್ನಡಿಯಿಂದ ಕಣ್ಣು ತೆಗೆಯದೆ ಒಂದೊಂದನ್ನೇ ಇಡುತ್ತಿದ್ದರು. ಬಟ್ಟಲಿನಲ್ಲಿ ಇದ್ದದ್ದು ಏನೆಂದು ಕೇಳಿದೆ.

“ಅಕ್ಕಿಹಿಟ್ಟು, ಸುಣ್ಣ. ಎರಡೂ ಸೇರಿದರೇ ನಿಲ್ಲುವುದು” ಎಂದರು.

ವೈನಿ ನನ್ನ ಮುಖ ನೋಡಿದರು. ಬೆಳಿಗ್ಗೆ ನಾನು ಪುಟದ ಎರಡು ಬದಿಗೆ ಬರೆದಿಟ್ಟ ಅಕ್ಕಿಯೂ ಚಿಪ್ಪೂ ಇಲ್ಲಿ ಒಂದೇ ಬಟ್ಟಲಿನಲ್ಲಿ ಕಲಸಿಕೊಂಡು, ಕೆಂಪು ಕೆನ್ನೆಯ ಮೇಲೆ ಕುಳಿತಿದ್ದವು. ಆ ಪುಟದಲ್ಲಿ ಗೆರೆಯ ಮೇಲೆಯೇ ಒಂದು ಮುಖ ಬರೆದೆ.

ನಾಲ್ಕನೆಯ ದಿನ: ಅಘನಾಶಿನಿಯ ಬಾಯಿಯಲ್ಲಿ

ಶಿರಸಿಯ ಶಂಕರಹೊಂಡದ ಬಳಿ ಹುಟ್ಟುವ ಅಘನಾಶಿನಿ, ಎಲ್ಲಿಯೂ ಅಣೆಕಟ್ಟಿಗೆ ಸಿಗದೆ, ಕುಮಟೆ ಗೋಕರ್ಣಗಳ ನಡುವೆ ಕಡಲು ಸೇರುತ್ತದೆ. ನದಿಯ ಕೊನೆಯ ಹರವಿನಲ್ಲಿ ಒಂದೇ ಉಬ್ಬರದ ನೀರಿನೊಡನೆ ಎರಡು ಬಗೆಯ ಬಾಳು ನಡೆದಿದೆ. ಮಾಣಿಕಟ್ಟೆಯ ಕಡೆಯ ಗಜನಿ ಎಂಬ ಉಪ್ಪುನೀರಂಚಿನ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಉಪ್ಪುನೀರು ಒಂದಿಷ್ಟು ನುಗ್ಗಿದರೂ ತಾಳಿಕೊಳ್ಳುವ, ನೆರೆಯಲ್ಲಿ ಮುಳುಗಿದರೂ ಮತ್ತೆ ತಲೆಯೆತ್ತುವ ತಳಿ. ಮಳೆಗಾಲದ ಸಿಹಿನೀರು ಉಪ್ಪನ್ನು ತೊಳೆದಾಗ ಬಿತ್ತನೆ, ಬೆಳೆ ಎದ್ದ ಮೇಲೆ ಅದೇ ಗದ್ದೆಗೆ ಮೀನು, ಸೀಗಡಿ. ನಾವು ಹೋದಾಗ ಭತ್ತವಿರಲಿಲ್ಲ, ಕೊಕ್ಕರೆಗಳಿದ್ದವು.

ಸಾಣಿಕಟ್ಟೆಯಲ್ಲಿ ಇದಕ್ಕೆ ತೀರಾ ಎದುರು. ಅಲ್ಲಿ ಉಪ್ಪುನೀರನ್ನು ಕಟ್ಟೆಯಾಚೆ ತಡೆಯಲು ಹೆಣಗುತ್ತಾರೆ, ಇಲ್ಲಿ ತೂಬು ತೆರೆದು ಬರಮಾಡಿಕೊಳ್ಳುತ್ತಾರೆ. ನೀರು ಒಂದು ಪಾತಿಯಿಂದ ಇನ್ನೊಂದಕ್ಕೆ ದಾಟುತ್ತಾ, ಬಿಸಿಲಿಗೆ ದಪ್ಪಗಾಗುತ್ತಾ, ಕೊನೆಯ ಪಾತಿಯಲ್ಲಿ ಹರಳುಗಟ್ಟುತ್ತದೆ. ಉದ್ದ ಹಿಡಿಯ ಹಲಗೆಯಿಂದ ಅದನ್ನು ಬಳಿದು ಬದುವಿನ ಮೇಲೆ ಗುಡ್ಡೆ ಹಾಕುತ್ತಾರೆ. ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡೆ. ಮೊದಲು ಉಪ್ಪು, ಕೊನೆಯಲ್ಲಿ ತುಸು ಕಹಿ. ಪೊಟ್ಟಣದ ಪುಡಿ ಉಪ್ಪಿಗೆ ಆ ಎರಡನೆಯ ರುಚಿ ಇಲ್ಲ. ಮನೆಗೆ ಎರಡು ಕಿಲೋ ಕಟ್ಟಿಸಿದೆ, ಉಪ್ಪಿನಕಾಯಿಗೆ ಇದೇ ಆಗಬೇಕು ಎಂದು ವೈನಿ ಹಟ ಹಿಡಿದರು.

ಇಳಿತದ ಹೊತ್ತು. ಹೆಂಗಸರು ಸೊಂಟದವರೆಗಿನ ನೀರಿನಲ್ಲಿ ಕಾಲಿನಿಂದ ತಡಕಿ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಿದ್ದರು. ಮಾಂಸ ಅಡುಗೆಗೆ, ಚಿಪ್ಪು ಸುಣ್ಣಕ್ಕೆ. ವೈನಿ ಸೆರಗಿನ ಗಂಟಿನಿಂದ ತವರಿನ ಕೆಂಪಡಿಕೆ ತೆಗೆದು, ಗೂಡಂಗಡಿಯಲ್ಲಿ ಎಲೆ ಸುಣ್ಣ ಕೊಂಡು ಕವಳ ಕಟ್ಟಿದರು. ಘಟ್ಟದ ಮೇಲಿನ ಅಡಿಕೆಗೆ ಘಟ್ಟದ ಕೆಳಗಿನ ಸುಣ್ಣ ತಾಗದೆ ಬಾಯಿ ಕೆಂಪಾಗುವುದಿಲ್ಲ. ಎಷ್ಟು ವರ್ಷಗಳಿಂದ ನೋಡಿದ್ದೇನೆ ಅವರು ಸುಣ್ಣ ಸವರುವುದನ್ನು. ಆ ಬಿಳಿ ಎಲ್ಲಿಂದ ಬಂತೆಂದು ಕೇಳಿರಲಿಲ್ಲ.

ಸಂಜೆ ಅಂಕೋಲೆಯ ದಾರಿಯಲ್ಲಿ ಒಂದು ಚಿಕ್ಕ ಗುಡಿಯ ಬಳಿ ಇಳಿದೆವು. ಅದರ ಹೆಸರು ಬರೆಯುವುದಿಲ್ಲ, ಏಕೆಂದರೆ ಮುಂದೆ ಹೇಳುವುದು ದೂರಿನ ಮಾತು. ಎದುರಿನ ಎರಡು ಗೋಡೆಗಳ ಕಾವಿಯ ಮೇಲೆ ಎಣ್ಣೆಬಣ್ಣ ಬಳಿದು, ಅದರ ಮೇಲೆ ದೇಣಿಗೆ ಕೊಟ್ಟವರ ಹೆಸರು ಬರೆಸಿದ್ದಾರೆ. ತೇವ ಉಸಿರಾಡಲಾರದೆ ಗಾರೆ ಉಬ್ಬಿ ಬಿರಿದಿದೆ. ನನಗೆ ಅಳು ಬಂತು. ಬನವಾಸಿಯಲ್ಲಿ ಮಾಡಿದವನ ಹೆಸರು ಉಳಿದಿತ್ತು. ಇಲ್ಲಿ ಮಾಡಿದವನ ಕೆಲಸದ ಮೇಲೆ ಹಣ ಕೊಟ್ಟವರ ಹೆಸರು ಕುಳಿತಿದೆ. ಒಳಗಿನ ಪ್ರದಕ್ಷಿಣೆಯ ಕತ್ತಲಲ್ಲಿ ಮಾತ್ರ ಒಂದು ಪಟ್ಟಿ ಉಳಿದುಕೊಂಡಿತ್ತು, ಮೊಬೈಲಿನ ಬೆಳಕು ಹಿಡಿದು ನೋಡಿದೆ. ಗಿಣಿಗಳ ಸಾಲು. ಒಂಬತ್ತು ಗಿಣಿ, ಎಲ್ಲವೂ ಒಂದೇ ಅಚ್ಚಿನಿಂದ ಇಳಿಸಿದಂತಿವೆ. ಎಲ್ಲದರ ಕೊಕ್ಕೂ ಮುಚ್ಚಿದೆ. ಆರನೆಯದರ ಕೊಕ್ಕಿನಲ್ಲಿ ಮಾತ್ರ ಒಂದು ಎಲೆ.

ಹತ್ತಿರ ಹೋಗಿ ಓರೆಯಿಂದ ಬೆಳಕು ಬಿಟ್ಟೆ. ಎಲೆಯ ನಡುನರ ಉಳಿದ ಗೆರೆಗಳಿಗಿಂತ ಆಳವಾಗಿತ್ತು, ಕೊಕ್ಕಿನ ಕೆಳಗಿನಿಂದ ಸರ್ರನೆ ಜಾರಿ ಹೊರಗೆ ಹೋಗಿತ್ತು. ಅದು ಎಲೆಗೆಂದು ಎಳೆದ ಗೆರೆಯಾಗಿರಲಿಲ್ಲ. ಮೊನೆ ಜಾರಿತ್ತು. ಆಮೇಲೆ ಆ ಕೈ ಒಂದು ಗಳಿಗೆ ನಿಂತು, ಜಾರಿದ ಗೆರೆಯ ಎರಡೂ ಬದಿಗೆ ಅಂಚು ಕೊರೆದು ಅದನ್ನು ಎಲೆ ಮಾಡಿತ್ತು. ಚಿತ್ರ ತೆಗೆದುಕೊಂಡೆ.

ಐದನೆಯ ದಿನ: ಕಾರವಾರ

ಕಾರವಾರದಲ್ಲಿ ನೋಡುವುದಕ್ಕೆ ಬೇಕಾದಷ್ಟಿದೆ, ನಮಗಿದ್ದದ್ದು ಒಂದು ಹಗಲು. 1880ರ ದಶಕದ ಆರಂಭದಲ್ಲಿ ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ತರುಣ ರವೀಂದ್ರನಾಥ ಠಾಕೂರರು ಬಂದು ಉಳಿದಿದ್ದರು, ಇಲ್ಲಿ ಕುಳಿತು ನಾಟಕವೊಂದನ್ನು ಬರೆದರು. ಕಡಲತೀರಕ್ಕೆ ಅವರ ಹೆಸರೇ ಇದೆ. ಅದೇ ತೀರದಲ್ಲಿ ನೌಕಾಪಡೆಯಿಂದ ನಿವೃತ್ತವಾದ ಚಪಲ್ ಯುದ್ಧನೌಕೆಯನ್ನು ಈಗ ಮರಳಿನ ಮೇಲೆ ನಿಲ್ಲಿಸಿದ್ದಾರೆ. ಊರಿನ ನೌಕಾನೆಲೆಯ ಹೆಸರು ಕದಂಬ. ಮೊದಲ ದಿನ ಬನವಾಸಿಯ ವರದಾ ನದಿಯ ದಂಡೆಯಲ್ಲಿ ಕೇಳಿದ ಹೆಸರು ಐದನೆಯ ದಿನ ಕಡಲ ದಂಡೆಯಲ್ಲಿ ಎದುರಾಯಿತು.

ಕಾಳಿ ನದಿ ದಾಟಿ ಸದಾಶಿವಗಡದ ಕಡೆಗೆ ಹೋದೆವು. ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದ ಮೇಲೆ ಹೊಸದೊಂದೇ ಎರಡೂ ದಿಕ್ಕಿನ ವಾಹನಗಳನ್ನು ಹೊತ್ತಿದೆ ಎಂದು ಬಸ್ಸಿನಲ್ಲಿದ್ದವರು ಹೇಳಿದರು. ಮೀನು ಪೇಟೆಯಲ್ಲಿ ಬಂಗಡೆ ಮಾರುತ್ತಿದ್ದ ಹೆಂಗಸರು ತಮ್ಮೊಳಗೆ ಕೊಂಕಣಿ ಆಡುತ್ತಿದ್ದರು, ನಮ್ಮತ್ತ ತಿರುಗಿದರೆ ಕನ್ನಡ. ಈ ದಡದಲ್ಲಿ ಕೊಂಕಣಿಯನ್ನು ಕನ್ನಡ ಲಿಪಿಯಲ್ಲಿ ಬರೆಯುತ್ತಾರೆ. ಮಾಜಾಳಿಯ ಗಡಿ ದಾಟಿ ಗೋವೆಗೆ ಹೋದರೆ ಅದೇ ಮಾತು ದೇವನಾಗರಿಯ ಉಡುಪು ತೊಡುತ್ತದೆ, ಕೆಲವೆಡೆ ರೋಮನ್. ಪುಟದ ಗೆರೆ ಈ ಸಲ ನೆಲದ ಮೇಲೆಯೇ ಇತ್ತು.

ತೀರದಲ್ಲಿ ಕುಳಿತು ಗಿಣಿಯ ಚಿತ್ರವನ್ನು ದೀವರ ಕೇರಿಯ ಅಕ್ಕನ ಮಗಳ ಮೊಬೈಲಿಗೆ ಕಳಿಸಿದೆ. ‘ತಪ್ಪಿದರೆ ಏನು ಮಾಡುತ್ತಾರೆ ಎಂದು ಕೇಳಿದ್ದಿರಿ. ಆರನೆಯ ಗಿಣಿ ನೋಡಿ’ ಎಂದು ಬರೆದೆ. ಅರ್ಧ ಗಂಟೆ ಕಳೆದ ಮೇಲೆ ಕರೆ ಬಂತು, ಅಕ್ಕನೇ ಮಾತಾಡಿದರು.

“ನೋಡಿದೆ ಅಕ್ಕ. ಎಲೆಯ ತೊಟ್ಟು ಕೊಕ್ಕಿಗೆ ಎಲ್ಲಿ ಸೇರಿದೆ ಎಂದು ಸರಿಯಾಗಿ ಕಾಣುತ್ತಿಲ್ಲ. ನೀವು ಕೈಯಲ್ಲಿ ಬರೆದು ಕಳಿಸುತ್ತೀರಾ? ಈ ಸಲ ಭೂಮಿ ಹುಣ್ಣಿಮೆಯ ಬುಟ್ಟಿಗೆ ಅದನ್ನು ಬರೆಯಬೇಕು.”

ಭೂಮಿ ಹುಣ್ಣಿಮೆಯ ದಿನ ಗದ್ದೆಗೆ ಚರಗ, ಅಂದರೆ ಭೂಮಿಗೆ ಬೀರುವ ಎಡೆ, ಒಯ್ಯುವ ಬುಟ್ಟಿಗೆ ದೀವರ ಹೆಂಗಸರು ಕೆಮ್ಮಣ್ಣು ಬಳಿದು ಅಕ್ಕಿಹಾಲಿನಲ್ಲಿ ಚಿತ್ತಾರ ಬರೆಯುತ್ತಾರೆ. ಅದಕ್ಕಿನ್ನೂ ಎಂಟು ತಿಂಗಳಿತ್ತು. ನಾನು ಪುಸ್ತಕ ತೆರೆದು, ಗೆರೆಯಿಲ್ಲದ ಕೊನೆಯ ಹಾಳೆಯಲ್ಲಿ ಗಿಣಿಯ ತಲೆಯನ್ನು ಅಂಗೈಯಷ್ಟು ದೊಡ್ಡದಾಗಿ ಬರೆದೆ. ಮೊದಲು ಕೊಕ್ಕು, ಆಮೇಲೆ ಜಾರಿದ ಆ ಗೆರೆ, ಆಮೇಲೆ ಎಲೆಯ ಎರಡು ಅಂಚು. ವೈನಿ ಹಾಳೆಯ ಮೂಲೆಗಳನ್ನು ಗಾಳಿಗೆ ಹಾರದಂತೆ ಒತ್ತಿ ಹಿಡಿದಿದ್ದರು.